ಡಾಕ್ಟರ್ ಉಪೇಂದ್ರನಾಥ ಬ್ರಹ್ಮಚಾರಿಗಳು

ರಣರಂಗದಲ್ಲಿ ಗೆದ್ದವರ ಹೆಸರುಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ನಾವು, ರೋಗದ ದವಡೆಯಿಂದ ಅಸಂಖ್ಯ ಜೀವಗಳನ್ನು ಬಿಡಿಸಿದವರನ್ನು ಎಷ್ಟರಮಟ್ಟಿಗೆ ಸ್ಮರಿಸುತ್ತೇವೆ? ಕಲ್ಕತ್ತೆಯ ವೈದ್ಯರಾದ ಉಪೇಂದ್ರನಾಥ ಬ್ರಹ್ಮಚಾರಿಗಳ ಚರಿತ್ರೆಯನ್ನು ವಾಚಕರ ಮುಂದಿಡಲು ಈ ಪ್ರಶ್ನೆಯೇ ಕಾರಣ.

ಕಾಲಾ-ಆಜಾರ್ ಎಂಬ ವ್ಯಾಧಿಯು ವಂಗ, ಬಿಹಾರ, ಅಸ್ಸಾಂ ಪ್ರಾಂತಗಳ ಬಡವರ ಪಾಲಿಗೆ ಮೃತ್ಯುವೇ ಆಗಿದ್ದಿತು. ತಿಂಗಳುಗಟ್ಟಲೆ ಬಿಡದ ಜ್ವರ, ಊದಿದ ಗುಲ್ಮ, ಕಪ್ಪೇರುವ ಮೈಬಣ್ಣ, ಎಲುಬಿನ ಗೂಡಾಗುವ ದೇಹ—ಇವು ಅದರ ಲಕ್ಷಣಗಳು. ಚಿಕಿತ್ಸೆ ದೊರೆಯದವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಅಸುನೀಗುತ್ತಿದ್ದರು. 1903ರಲ್ಲಿ ಲೀಷ್‌ಮನ್ನರೂ ಮದರಾಸಿನಲ್ಲಿದ್ದ ಡೊನೊವಾನರೂ ರೋಗಾಣುವನ್ನು ಲೋಕಕ್ಕೆ ತೋರಿದರು. 1915ರಿಂದ ಟಾರ್ಟರ್ ಎಮೆಟಿಕ್ ಎಂಬ ಆಂಟಿಮನಿಯ ಲವಣವು ಬಳಕೆಗೆ ಬಂದಿತಾದರೂ, ಆ ಚಿಕಿತ್ಸೆಯು ದೀರ್ಘವೂ ವಿಷಕರವೂ ಆಗಿದ್ದಿತು.

ಬ್ರಹ್ಮಚಾರಿಗಳು ಜಮಾಲಪುರದ ರೈಲ್ವೆ ವೈದ್ಯರೊಬ್ಬರ ಪುತ್ರರು. ಗಣಿತವನ್ನೂ ರಸಾಯನಶಾಸ್ತ್ರವನ್ನೂ ಓದಿ, ಬಳಿಕ ವೈದ್ಯರಾದವರು. 1905ರಲ್ಲಿ ಕಲ್ಕತ್ತೆಯ ಕ್ಯಾಂಪ್‌ಬೆಲ್ ವೈದ್ಯಶಾಲೆಯಲ್ಲಿ ಅಧ್ಯಾಪಕರಾದರು. ಅಲ್ಲಿ ಅವರ ಪ್ರಯೋಗಶಾಲೆಯೆಂದರೆ ಒಂದು ಕಿರುಕೋಣೆ. ಅನಿಲವಿಲ್ಲ, ವಿದ್ಯುತ್ತಿಲ್ಲ, ನೀರಿನ ನಲ್ಲಿಯೂ ಇಲ್ಲ. ಹಗಲೆಲ್ಲ ರೋಗಿಗಳ ಆರೈಕೆ, ಪಾಠಪ್ರವಚನ. ರಾತ್ರಿ ಸೀಮೆಎಣ್ಣೆಯ ದೀಪದ ಬೆಳಕಿನಲ್ಲಿ ಪ್ರಯೋಗ. 1920ರಲ್ಲಿ ಅವರಿಗೆ ಯೂರಿಯಾ ಸ್ಟಿಬಮೈನ್ ಸಿದ್ಧಿಸಿತು. ತಿಂಗಳುಗಳ ಚಿಕಿತ್ಸೆಯು ಕೆಲವೇ ವಾರಗಳಿಗಿಳಿಯಿತು. ಅಸ್ಸಾಮಿನ ಹಳ್ಳಿಹಳ್ಳಿಗಳಲ್ಲಿ ಸಾವಿನ ಬಾಗಿಲಿನಿಂದ ಜನರು ಮರಳಿದರು.

1929ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಅವರ ಹೆಸರು ಸೂಚಿತವಾಯಿತು; ಪಾರಿತೋಷಕವು ಮಾತ್ರ ಬರಲಿಲ್ಲ. 1936ರಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದರು. 1946ರ ಫೆಬ್ರವರಿ 6ರಂದು, ಸ್ವಾತಂತ್ರ್ಯೋದಯವನ್ನು ಕಾಣದೆಯೇ ಕಾಲವಶರಾದರು.

ಕಾಲಾನಂತರದಲ್ಲಿ ರೋಗಾಣುವು ಆಂಟಿಮನಿಯ ಔಷಧಗಳಿಗೆ ಮಣಿಯದಾಯಿತು. ಬೇರೆ ಮದ್ದುಗಳು ಅವುಗಳ ಸ್ಥಾನವನ್ನು ಪಡೆದಿವೆ. ಇದರಿಂದ ಅವರ ಸಾಧನೆಗೆ ಕುಂದಿಲ್ಲ. ಸಂಶೋಧನೆಯು ಒಮ್ಮೆ ಮುಗಿಯುವ ಕಾರ್ಯವಲ್ಲವೆಂಬುದು ಮಾತ್ರ ಸಿದ್ಧವಾಗುತ್ತದೆ. ಉಪಕರಣಗಳಿಲ್ಲವೆಂದು ಅವರು ಕೈಕಟ್ಟಿ ಕುಳಿತಿದ್ದರೆ ಎಷ್ಟು ಮನೆಗಳ ದೀಪವಾರುತ್ತಿದ್ದಿತು! ಆದರೆ ಇನ್ನೊಬ್ಬ ಬ್ರಹ್ಮಚಾರಿಯನ್ನೂ ಅಂತಹುದೇ ಕತ್ತಲೆಯ ಕೋಣೆಗೆ ತಳ್ಳುವುದು ದೇಶಕ್ಕೆ ಗೌರವವಲ್ಲ. ಬಡವರ ರೋಗಗಳ ಸಂಶೋಧನೆಗೆ ಬೇಕಾದ ದ್ರವ್ಯವನ್ನೂ ನೆಲೆಯನ್ನೂ ಒದಗಿಸುವುದೇ ಅವರಿಗೆ ಸಲ್ಲತಕ್ಕ ನಿಜವಾದ ಸ್ಮಾರಕವೆಂದು ನಾವು ಭಾವಿಸುತ್ತೇವೆ.