ಟೀ, ಸೈಕಲ್ ಸ್ಟ್ಯಾಂಡು, ಸಫ್ದರ್ ಹಾಶ್ಮಿ

ಕಾಲೇಜು ಫೆಸ್ಟ್‌ನಲ್ಲಿ ಬೀದಿ ನಾಟಕ ಅಂದ್ರೆ ನಮ್ಮ ಕಣ್ಣಿಗೆ ಬರೋದು ಒಂದೇ ಚಿತ್ರ. ಕಪ್ಪು ಕುರ್ತಾ, ಒಂದು ತಮಟೆ, ಗಂಟಲು ಕಟ್ಟುವವರೆಗೆ ಘೋಷಣೆ, ಕೊನೆಗೊಂದು ಸಂದೇಶ. ಜಡ್ಜ್‌ಗಳು ಚಪ್ಪಾಳೆ ತಟ್ಟಿದ ಮೇಲೆ ಕ್ಯಾಂಟೀನು. ಈ ಸಲ ಕಲಾ ಪ್ರಾಜೆಕ್ಟಿಗಾಗಿ ಕೆಜಿಎಫ್‌ನ ಬೀದಿಯಲ್ಲೇ ಒಂದು ನಾಟಕ ಆಡೋಣ ಅಂತ ನಮ್ಮ ತಂಡ ಹೊರಟಾಗ, ಬೀದಿಗಾಗಿಯೇ ನಾಟಕ ಕಟ್ಟಿದವರೊಬ್ಬರ ಬದುಕನ್ನು ಮೊದಲು ಓದಬೇಕು ಅಂತ ತೀರ್ಮಾನ ಆಯ್ತು. ಹಾಗೆ ಆರಿಸಿಕೊಂಡ ಹೆಸರು ಸಫ್ದರ್ ಹಾಶ್ಮಿ.

ಹುಟ್ಟಿದ್ದು 1954ರ ಏಪ್ರಿಲ್ 12ರಂದು, ದೆಹಲಿಯಲ್ಲಿ. ಬಾಲ್ಯ ಕಳೆದದ್ದು ಅಲಿಘರ್ ಮತ್ತು ದೆಹಲಿಯಲ್ಲಿ. ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದರು, ಆಮೇಲೆ ದೆಹಲಿ ವಿಶ್ವವಿದ್ಯಾಲಯದಲ್ಲಿ ಎಂಎ ಮಾಡಿದರು. ಓದುತ್ತಿದ್ದಾಗಲೇ, 1973ರಲ್ಲಿ, ಗೆಳೆಯರ ಜೊತೆ ಸೇರಿ ಜನ ನಾಟ್ಯ ಮಂಚ್ ಕಟ್ಟಿದರು. ಚಿಕ್ಕದಾಗಿ ಅದನ್ನು ಜನಮ್ ಅಂತಾರೆ. ಶುರುವಿನಲ್ಲಿ ಇವರದ್ದೂ ದೊಡ್ಡ ನಾಟಕಗಳೇ: ವೇದಿಕೆ, ಲೈಟು, ಮೈಕು ಎಲ್ಲ ಬೇಕಿತ್ತು. ತುರ್ತು ಪರಿಸ್ಥಿತಿಯ ದಿನಗಳಲ್ಲಿ ತಂಡದ ಕೆಲಸ ನಿಂತಿತು. ಸಫ್ದರ್ ಗಢವಾಲ್, ಕಾಶ್ಮೀರ, ದೆಹಲಿ ಅಂತ ಪಾಠ ಹೇಳಿಕೊಂಡು ಓಡಾಡಿದರು. ವಾಪಸ್ ಬಂದು ನೋಡಿದರೆ ನಾಟಕ ಆಡಿಸುತ್ತಿದ್ದ ಕಾರ್ಮಿಕ ಸಂಘಗಳ ಹತ್ತಿರ ಕಾಸಿಲ್ಲ. ದೊಡ್ಡ ನಾಟಕ ಆಡೋಕೆ ದುಡ್ಡಿಲ್ಲ ಅಂದ್ರೆ ಚಿಕ್ಕದನ್ನು ಮಾಡಬೇಕು. ಇಷ್ಟು ಸರಳ ಲೆಕ್ಕದಿಂದ ಹುಟ್ಟಿದ್ದು 1978ರ ‘ಮಶೀನ್’.

ಈ ನಾಟಕದ ಹಿಂದೆ ಒಂದು ನಿಜವಾದ ಘಟನೆ ಇದೆ. ದೆಹಲಿ ಬಳಿಯ ಹೆರಿಗ್ ಇಂಡಿಯಾ ಅನ್ನೋ ಕಾರ್ಖಾನೆಯಲ್ಲಿ ಕೆಲಸಗಾರರು ಎರಡು ಬೇಡಿಕೆ ಇಟ್ಟಿದ್ದರು. ಸೈಕಲ್ ನಿಲ್ಲಿಸೋಕೆ ಒಂದು ಸ್ಟ್ಯಾಂಡು, ಬಿಡುವಿನಲ್ಲಿ ಟೀ ಕುಡಿಯೋಕೆ ಒಂದು ಕ್ಯಾಂಟೀನು. ಅಷ್ಟೇ. ಆಡಳಿತ ಒಪ್ಪಲಿಲ್ಲ, ಮುಷ್ಕರವಾಯಿತು, ಕಾವಲುಗಾರರು ಗುಂಡು ಹಾರಿಸಿದರು, ಆರು ಮಂದಿ ಸತ್ತರು.

ಸಫ್ದರ್ ಮತ್ತು ರಾಕೇಶ್ ಸಕ್ಸೇನಾ ಇದನ್ನು ಹದಿಮೂರು ನಿಮಿಷದ ನಾಟಕ ಮಾಡಿದರು. ಮೆಕ್ಯಾನಿಕಲ್ ಬ್ರಾಂಚಿನವರು ಸ್ವಲ್ಪ ಗಮನ ಕೊಡಿ. ರಂಗದ ಮೇಲೆ ಯಾವ ಯಂತ್ರವೂ ಇಲ್ಲ. ನಟರೇ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತು, ಕೈಕಾಲು ಲಯವಾಗಿ ಆಡಿಸುತ್ತಾ, ಬಾಯಲ್ಲೇ ಸದ್ದು ಮಾಡುತ್ತಾ ಯಂತ್ರವಾಗುತ್ತಾರೆ. ಇದ್ದಕ್ಕಿದ್ದಂತೆ ಯಂತ್ರ ನಿಲ್ಲುತ್ತೆ. ಯಾಕೆ ನಿಂತಿತು ಅನ್ನೋದೇ ನಾಟಕ. ಕೆಲಸಗಾರ, ಕಾವಲುಗಾರ, ಮಾಲೀಕ ಮೂವರೂ ಅದೇ ಯಂತ್ರದ ಭಾಗಗಳಾಗಿದ್ದವರು, ಅದರೊಳಗಿಂದಲೇ ಹೊರಗೆ ಬಂದು ಮಾತಾಡುತ್ತಾರೆ. ಸೆಟ್ ಇಲ್ಲ, ವಯರಿಂಗ್ ಇಲ್ಲ, ಸಾಮಾನು ಸಾಗಿಸೋ ಖರ್ಚಿಲ್ಲ. ನನ್ನ ಮಟ್ಟಿಗೆ ಇದು ಒಳ್ಳೆಯ ಡಿಸೈನ್ ಪ್ರಾಜೆಕ್ಟ್ ಕೂಡ. ಅದೇ ವರ್ಷ ಕಾರ್ಮಿಕರ ದೊಡ್ಡ ಸಮಾವೇಶದಲ್ಲಿ ಆಡಿದ ಮೇಲೆ ‘ಮಶೀನ್’ ಬೇರೆ ಬೇರೆ ಭಾಷೆಗಳಿಗೂ ಹೋಯಿತು.

ಆರು ಮಂದಿ ಅನ್ನೋ ಸಂಖ್ಯೆ ಓದಿದಾಗ ಕೆಜಿಎಫ್‌ನ ಹುಡುಗರು ಸುಮ್ಮನಾದರು. ಇಲ್ಲೂ 1946ರ ನವೆಂಬರ್ 4ರಂದು ಗಣಿ ಕಾರ್ಮಿಕರ ಹೋರಾಟದ ಮೇಲೆ ಪೊಲೀಸರು ಗುಂಡು ಹಾರಿಸಿದಾಗ ಸತ್ತವರು ಆರು ಮಂದಿ. ಬಂಗಾರಪೇಟೆ ಜಂಕ್ಷನ್‌ನಿಂದ ಒಳಗೆ ತಿರುಗುವ ಮಾರಿಕುಪ್ಪಂ ರೈಲಿನಲ್ಲಿ ದಿನಾ ಓಡಾಡುವ ನಮ್ಮಲ್ಲಿ ಎಷ್ಟೋ ಜನಕ್ಕೆ ಈ ತಾರೀಖು ಗೊತ್ತಿರಲಿಲ್ಲ. ಕೆಜಿಎಫ್ ಅಂದ್ರೆ ಸಿನಿಮಾ, ಬಂಗಾರಪೇಟೆ ಅಂದ್ರೆ ಪಾನಿಪೂರಿ. ಪಾನಿಪೂರಿ ಬಗ್ಗೆ ನನ್ನ ತಕರಾರೇನೂ ಇಲ್ಲ ಬಿಡಿ.

1979ರಲ್ಲಿ ದೆಹಲಿ ಸಾರಿಗೆಯ ಬಸ್ ದರ ಏರಿತು. ಜನಮ್ ತಂಡ ಕೆಲವೇ ಗಂಟೆಗಳಲ್ಲಿ ‘ಡಿಟಿಸಿ ಕೀ ಧಾಂಧಲಿ’ ಕಟ್ಟಿ ಬಸ್ ಸ್ಟಾಪ್‌ಗಳಲ್ಲಿ ಆಡಿತು. ಹೆಣ್ಣುಮಕ್ಕಳ ಬದುಕಿನ ಮೇಲೆ ‘ಔರತ್’ ಬಂತು. ಈ ಮಧ್ಯೆ ಸಫ್ದರ್ ಪತ್ರಿಕಾ ಕೆಲಸ ಮಾಡಿದರು, ದೆಹಲಿಯಲ್ಲಿ ಪಶ್ಚಿಮ ಬಂಗಾಳ ಸರ್ಕಾರದ ಮಾಹಿತಿ ಅಧಿಕಾರಿಯಾಗಿದ್ದರು. ನಂತರ ಆ ಉದ್ಯೋಗವನ್ನೂ ಬಿಟ್ಟು ಪೂರ್ತಿ ಬೀದಿಗೇ ಇಳಿದರು. ಮಕ್ಕಳಿಗೆ ಪದ್ಯ ಬರೆದರು, ಪೋಸ್ಟರ್ ಬರೆದರು.

ಇದೆಲ್ಲ ಉತ್ತರದ ಕಥೆ ಅಂದ್ಕೋಬೇಡಿ. ನಮ್ಮಲ್ಲೂ 1975ರಲ್ಲಿ ಸಮುದಾಯ ತಂಡ ಹುಟ್ಟಿತ್ತು. ಸಿಜಿಕೆ ಅವರ ‘ಬೆಲ್ಚಿ’ ಕರ್ನಾಟಕದ ಊರೂರು ಸುತ್ತಿತು.

ಸಫ್ದರ್ ಸಿಪಿಐ(ಎಂ) ಪಕ್ಷದ ಸದಸ್ಯರು. ಅದನ್ನವರು ಮುಚ್ಚಿಡಲಿಲ್ಲ. ಹಾಗಾಗಿ ಇದು ಕಲೆಯಲ್ಲ, ಬರೀ ಪ್ರಚಾರ ಅನ್ನೋ ಮಾತು ಆಗಲೂ ಇತ್ತು, ನಮ್ಮ ಪ್ರಾಜೆಕ್ಟ್ ಮೀಟಿಂಗಿನಲ್ಲೂ ಬಂತು. ಪೂರ್ತಿ ತಳ್ಳಿಹಾಕುವಂಥ ಮಾತೂ ಅಲ್ಲ. ‘ಮಶೀನ್’ನ ಮಾಲೀಕ ರಟ್ಟಿನಿಂದ ಕತ್ತರಿಸಿದ ಗೊಂಬೆ ಥರ ಇದ್ದಾನೆ. ಆದರೆ ಸಫ್ದರ್ ಅಲ್ಲೇ ನಿಂತವರಲ್ಲ. 1988ರಲ್ಲಿ ಪ್ರೇಮಚಂದರ ಕಥೆ ಹಿಡಿದು ಹಬೀಬ್ ತನ್ವೀರ್ ಜೊತೆ ‘ಮೋಟೇರಾಮ್ ಕಾ ಸತ್ಯಾಗ್ರಹ’ ಮಾಡಿದರು. ಬೀದಿಯಲ್ಲಿ ಕಲಿತದ್ದನ್ನು ರಂಗಮಂದಿರಕ್ಕೆ ಒಯ್ಯೋದು ಹೇಗೆ ಅಂತ ಹುಡುಕುತ್ತಿದ್ದ ಕಾಲ ಅದು.

ನಮಗೆ ಕಷ್ಟವಾದದ್ದು ಆ ಮಾಲೀಕನ ಪಾತ್ರವೇ. ಕೆಜಿಎಫ್‌ನಲ್ಲಿ ಅವನನ್ನು ಯಾರು ಅಂತ ತೋರಿಸೋದು? 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು, 1956ರಲ್ಲಿ ಗಣಿ ಸರ್ಕಾರದ್ದಾಯಿತು, 2001ರ ಫೆಬ್ರವರಿ 28ರಂದು ಮುಚ್ಚಿತು. ಈಗ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಓಡುವವರಿಗೆ ಎದುರಿಗೆ ನಿಲ್ಲಿಸಿ ಬೈಯೋಕೂ ಒಬ್ಬ ಮಾಲೀಕ ಇಲ್ಲ. ಖಾಲಿ ಕುರ್ಚಿ ಇಡೋಣ ಅಂತ ಒಬ್ಬ ಹೇಳಿದ. ಅದು ತೀರಾ ಜಾಣತನ ಆಯ್ತು ಅಂತ ಇನ್ನೊಬ್ಬಳು. ಜಗಳ ಇನ್ನೂ ಮುಗಿದಿಲ್ಲ. ಬೇಡಿಕೆ ಮಾತ್ರ ಟೀ, ಸೈಕಲ್ ಸ್ಟ್ಯಾಂಡಿನಷ್ಟು ಚಿಕ್ಕದಾಗಿರಬೇಕು ಅನ್ನೋದಕ್ಕೆ ಎಲ್ಲರ ಒಪ್ಪಿಗೆ ಇದೆ.

1988ರ ಕೊನೆಗೆ ದೆಹಲಿ ಸುತ್ತಲಿನ ಕೈಗಾರಿಕಾ ಪ್ರದೇಶದಲ್ಲಿ ಏಳು ದಿನದ ಮುಷ್ಕರ ನಡೆಯಿತು. ಅದಕ್ಕಾಗಿ ಆಡಿದ್ದ ನಾಟಕವನ್ನೇ ತಿದ್ದಿ ‘ಹಲ್ಲಾ ಬೋಲ್’ ಮಾಡಿದರು. 1989ರ ಜನವರಿ 1, ಗಾಜಿಯಾಬಾದ್ ಹತ್ತಿರದ ಸಾಹಿಬಾಬಾದ್‌ನ ಝಂಡಾಪುರ. ಪುರಸಭೆ ಚುನಾವಣೆಯ ಸಮಯ. ಸಿಪಿಐ(ಎಂ) ಅಭ್ಯರ್ಥಿಯ ಪರ ಪ್ರದರ್ಶನ ನಡೆಯುತ್ತಿದ್ದಾಗ, ಕಾಂಗ್ರೆಸ್ ಬೆಂಬಲದ ಎದುರಾಳಿ ಅಭ್ಯರ್ಥಿಯ ಗುಂಪು ದಾಳಿ ಮಾಡಿತು. ರಾಮ್ ಬಹಾದುರ್ ಅನ್ನೋ ಕಾರ್ಮಿಕ ಗುಂಡೇಟಿಗೆ ಸತ್ತರು. ತಲೆಗೆ ತೀವ್ರ ಪೆಟ್ಟು ಬಿದ್ದಿದ್ದ ಸಫ್ದರ್ ಮರುದಿನ ತೀರಿಕೊಂಡರು. ಆಗ ಅವರಿಗೆ 34 ವರ್ಷ. ಹೆಚ್ಚಿನ ಕಡೆ ಒಂದೇ ಹೆಸರು ಬರೆಯುತ್ತಾರೆ. ನಮ್ಮ ಪೋಸ್ಟರಿನಲ್ಲಿ ಎರಡೂ ಇರುತ್ತವೆ.

ಜನವರಿ 4ರಂದು ಸಫ್ದರ್ ಅವರ ಹೆಂಡತಿ ಮಲಯಶ್ರೀ ಹಾಶ್ಮಿ ತಂಡದೊಂದಿಗೆ ಅದೇ ಝಂಡಾಪುರಕ್ಕೆ ಹೋಗಿ, ನಿಂತುಹೋಗಿದ್ದ ನಾಟಕವನ್ನು ಆಡಿ ಮುಗಿಸಿದರು. ಕೊಲೆಗಾರರಿಗೆ ಗಾಜಿಯಾಬಾದ್ ನ್ಯಾಯಾಲಯ ಶಿಕ್ಷೆ ಕೊಟ್ಟದ್ದು 2003ರಲ್ಲಿ, ಹದಿನಾಲ್ಕು ವರ್ಷ ಕಳೆದ ಮೇಲೆ. ಸಫ್ದರ್ ಹುಟ್ಟಿದ ಏಪ್ರಿಲ್ 12 ಈಗ ರಾಷ್ಟ್ರೀಯ ಬೀದಿ ನಾಟಕ ದಿನ. ಜನವರಿ 1 ಬಂದರೆ ಜನಮ್ ತಂಡ ಈಗಲೂ ಝಂಡಾಪುರಕ್ಕೆ ಹೋಗುತ್ತದೆ.