ಗಿಲ್ವೆಲ್‌ನ ಬೇಡನ್ ಪೊವೆಲ್

ಸ್ಕೌಟ್ ಚಳವಳಿಯ ಸಂಸ್ಥಾಪಕರಾದ ರಾಬರ್ಟ್ ಬೇಡನ್ ಪೊವೆಲ್ ಅವರು 1857ರ ಫೆಬ್ರವರಿ 22ರಂದು ಲಂಡನ್ನಿನಲ್ಲಿ ಜನಿಸಿದರು. ಮೂರನೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. 1876ರಲ್ಲಿ ಸೇನಾಧಿಕಾರಿಯಾಗಿ ಭಾರತಕ್ಕೆ ಬಂದರು; ಮುಂದೆ ದಕ್ಷಿಣ ಆಫ್ರಿಕದ ಮೆಫೆಕಿಂಗ್ ಪಟ್ಟಣವನ್ನು 217 ದಿನಗಳ ಮುತ್ತಿಗೆಯಲ್ಲಿ ರಕ್ಷಿಸಿ ಹೆಸರಾದರು. ಆದರೆ ನಾವು ಅವರನ್ನು ಸ್ಮರಿಸುವುದು, 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಸಿರಿವಂತರ ಮಕ್ಕಳನ್ನೂ ದುಡಿಯುವವರ ಮಕ್ಕಳನ್ನೂ ಒಂದೇ ಶಿಬಿರದಲ್ಲಿ ಕೂಡಿಸಿದುದಕ್ಕಾಗಿ.

1919ರಲ್ಲಿ ಸ್ಕಾಟ್ಲೆಂಡಿನ ಮ್ಯಾಕ್ಲಾರೆನ್ ಎಂಬ ದಾನಿಗಳು ಲಂಡನ್ನಿನ ಅಂಚಿನಲ್ಲಿರುವ ಗಿಲ್ವೆಲ್ ಎಸ್ಟೇಟನ್ನು ಕೊಂಡು ಚಳವಳಿಗೆ ನೀಡಿದರು. ಅಲ್ಲಿನ ಮನೆ ಪಾಳುಬಿದ್ದಿತ್ತು. ಈಸ್ಟರ್ ರಜೆಯಲ್ಲಿ ಹಿರಿಯ ಸ್ಕೌಟ್ ತರುಣರು ಸ್ವಯಂಸೇವಕರಾಗಿ ಬಂದರು. ನೆಲ ತೇವಗೊಂಡು ಡೇರೆ ಹಾಕಲಾಗದ್ದರಿಂದ ತೋಟಗಾರನ ಹಳೆಯ ಗುಡಿಸಲಲ್ಲಿ ಮಲಗಿದರು. ಅದಕ್ಕೆ ಹಂದಿಗೂಡೆಂಬ ಹೆಸರು ಬಂದಿತು. ಪೊದೆ ಕಡಿದು, ಮನೆ ದುರಸ್ತಿಗೊಂಡು, ಜುಲೈಯಲ್ಲಿ ಶಿಬಿರಸ್ಥಳವು ಆರಂಭವಾಯಿತು; ಸೆಪ್ಟೆಂಬರಿನಲ್ಲಿ ಸ್ಕೌಟ್ ನಾಯಕರ ಮೊದಲ ತರಬೇತಿ ನಡೆಯಿತು.

1929ರಲ್ಲಿ ಪ್ರಭುಪದವಿ ಒದಗಿದಾಗ ಬೇಡನ್ ಪೊವೆಲ್ ಅವರು ತಮ್ಮ ಬಿರುದಿಗೆ ಆರಿಸಿಕೊಂಡದ್ದು ಕೀರ್ತಿ ತಂದ ರಣಭೂಮಿಯ ಹೆಸರನ್ನಲ್ಲ, ಗಿಲ್ವೆಲ್ಲಿನ ಹೆಸರನ್ನು. 1941ರ ಜನವರಿ 8ರಂದು ಅವರು ಕೀನ್ಯಾದಲ್ಲಿ ನಿಧನರಾದರು.

ಗಡಿನಾಡಿನ ಕನ್ನಡ ಶಾಲೆಯೊಂದು ನೂರು ವರ್ಷ ಬಾಳುವುದೂ ಕೂಲಿ ಕೇಳದ ಇಂಥ ಕೈಗಳಿಂದಲೇ. ಮುಂದಿನ ನೂರು ವರ್ಷಕ್ಕೂ ಆ ಕೈಗಳು ಬೇಕೆಂದು ನಾವು ಪೋಷಕರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ವಿನಂತಿಸುತ್ತೇವೆ.