ದೇವರಿಲ್ಲ ಎಂದವರ ವಾದಕ್ಕೂ ಜಾಗ ಕೊಟ್ಟ ವಿದ್ಯಾರಣ್ಯರು

ತೆಕ್ಕಲಕೋಟೆ, ಸಿರುಗುಪ್ಪದ ಸೀಮೆಗೆ ಬರುವ ತುಂಗಭದ್ರೆ ಅದಕ್ಕೂ ಮೊದಲು ಹಂಪಿಯ ಬಂಡೆಗಳ ನಡುವೆ ಹಾದು ಬರುತ್ತಾಳೆ. 14ನೇ ಶತಮಾನದಲ್ಲಿ ಆ ಹಂಪಿಯಲ್ಲಿ ವಿಜಯನಗರ ರಾಜ್ಯ ತಲೆಯೆತ್ತಿತು. ಕರಾವಳಿಯ ಬಾರಕೂರು, ಮಂಗಳೂರುಗಳೂ ಆ ರಾಜ್ಯಕ್ಕೆ ಸೇರಿದ್ದವು. ಅದರ ಆರಂಭದ ದಿನಗಳೊಡನೆ ಜನ ನೆನೆಯುವ ಹೆಸರು ವಿದ್ಯಾರಣ್ಯರದು.

ಪರಂಪರೆಯಂತೆ ಅವರ ಮೊದಲಿನ ಹೆಸರು ಮಾಧವ. ವೇದಗಳಿಗೆ ಭಾಷ್ಯ ಬರೆದ ಸಾಯಣ ಅವರ ತಮ್ಮ. ಬುಕ್ಕರಾಯನ ಮಂತ್ರಿಯಾಗಿದ್ದು, ಬಳಿಕ ಸಂನ್ಯಾಸ ಸ್ವೀಕರಿಸಿ, ಸುಮಾರು 1380ರಿಂದ 1386ರಲ್ಲಿ ತೀರಿಕೊಳ್ಳುವವರೆಗೆ ಶೃಂಗೇರಿ ಮಠದ ಗುರುಗಳಾಗಿದ್ದರು. ‘ಸರ್ವದರ್ಶನಸಂಗ್ರಹ’ ಎಂಬ ಸಂಸ್ಕೃತ ಗ್ರಂಥ ಅವರದೆಂದೇ ಪ್ರಸಿದ್ಧ. ಬೇರೆಯವರದು ಎನ್ನುವ ವಿದ್ವಾಂಸರೂ ಇದ್ದಾರೆ.

ಈ ಗ್ರಂಥದಲ್ಲಿ 16 ದರ್ಶನಗಳ ವಿವರಣೆಯಿದೆ. ಮೊದಲ ಸ್ಥಾನ ಸಿಕ್ಕಿರುವುದು ದೇವರೇ ಇಲ್ಲ ಎನ್ನುವ ಚಾರ್ವಾಕರಿಗೆ! ಕಣ್ಣಿಗೆ ಕಂಡದ್ದೇ ಪ್ರಮಾಣ, ದೇವರು ಕಾಣುವುದಿಲ್ಲ, ಆದ್ದರಿಂದ ಇಲ್ಲ ಎಂಬುದು ಅವರ ವಾದ. ಮುಂದೆ ಜೈನರು ಸೃಷ್ಟಿಕರ್ತನನ್ನು ಒಪ್ಪದಿರುವ ಕಾರಣಗಳೂ ಬರುತ್ತವೆ. ನೈಯಾಯಿಕರು ಇದಕ್ಕೆ ಎದುರಾಗಿ, ಮಡಕೆಗೆ ಕುಂಬಾರನಿರುವಂತೆ ಬೆಟ್ಟ, ಸಮುದ್ರಗಳಿಗೂ ಒಬ್ಬ ಕರ್ತನಿರಬೇಕು ಎನ್ನುತ್ತಾರೆ. ಆ ಕರ್ತ ಕರುಣಾಳುವಾದರೆ ಲೋಕದಲ್ಲಿ ದುಃಖವೇಕೆ ಎಂಬ ಪ್ರಶ್ನೆಯನ್ನೂ ಗ್ರಂಥ ಮುಚ್ಚಿಡುವುದಿಲ್ಲ. ಜೀವಿಗಳ ಕರ್ಮವೇ ಕಾರಣ ಎಂಬುದು ನೈಯಾಯಿಕರ ಉತ್ತರ. ಗ್ರಂಥಕರ್ತನ ಸ್ವಂತ ಸಿದ್ಧಾಂತವಾದ ಅದ್ವೈತ ಬರುವುದು ಕಟ್ಟಕಡೆಗೆ.

ಇದನ್ನು ಓದುವಾಗ ನಮಗೆ 1274ರಲ್ಲಿ ಮರಣಹೊಂದಿದ ಸಂತ ಥೋಮಸ್ ಅಕ್ವೀನಾಸರ ನೆನಪಾಗುತ್ತದೆ. ದೇವರಿದ್ದಾರೆ ಎಂಬುದಕ್ಕೆ ಐದು ಮಾರ್ಗಗಳನ್ನು ತೋರಿಸುವ ಮೊದಲು ಅವರು ಎರಡು ಆಕ್ಷೇಪಗಳನ್ನು ಮುಂದಿಡುತ್ತಾರೆ. ಒಂದು, ಲೋಕದಲ್ಲಿ ಕೇಡಿದೆ ಎಂಬುದು. ಇನ್ನೊಂದು, ಪ್ರಕೃತಿ ಮತ್ತು ಮನುಷ್ಯನ ಬುದ್ಧಿಯಿಂದಲೇ ಎಲ್ಲವನ್ನೂ ವಿವರಿಸಬಹುದು ಎಂಬುದು. ಇಬ್ಬರೂ ಒಬ್ಬರನ್ನೊಬ್ಬರು ಅರಿತವರಲ್ಲ. ಆದರೂ ಎದುರಾಳಿಯ ಮಾತನ್ನು ಮೊದಲು ಪೂರ್ತಿ ಕೇಳಬೇಕೆಂಬ ನ್ಯಾಯ ಇಬ್ಬರಲ್ಲೂ ಒಂದೇ.

ನಮ್ಮ ವಿಶ್ವಾಸ ಅದ್ವೈತಕ್ಕಿಂತ ಬೇರೆ. ಕೇಡಿನ ಪ್ರಶ್ನೆಗೆ ನಾವು ಕರ್ಮದತ್ತ ಅಲ್ಲ, ಯೇಸುವಿನ ಶಿಲುಬೆಯತ್ತ ನೋಡುತ್ತೇವೆ. ಆದರೂ ವಿದ್ಯಾರಣ್ಯರ ಹೆಸರಿನ ಈ ಗ್ರಂಥದಿಂದ ಕಲಿಯಬೇಕಾದ ಪಾಠವೊಂದಿದೆ. ಮನೆಯಲ್ಲಿ ಮಗನೋ ಮಗಳೋ ದೇವರು ನಿಜವಾಗಿಯೂ ಇದ್ದಾನೆಯೇ ಎಂದು ಕೇಳಿದರೆ ಎಷ್ಟೋ ತಂದೆತಾಯಿ ಗದರಿಸಿ ಸುಮ್ಮನಾಗಿಸುತ್ತಾರೆ. ಗದರಿಕೆಯಿಂದ ಮಗುವಿನ ಬಾಯಿ ಮುಚ್ಚೀತು, ಸಂದೇಹ ತೀರದು. ಉತ್ತರ ಸಿಗದ ಮಗು ನಾಳೆ ದೇವಾಲಯದ ಬಾಗಿಲಿಗೂ ಬಾರದೆ ಹೋಗಬಹುದು. ಪ್ರಿಯ ಪೋಷಕರೇ, ಮೊದಲು ಅವರ ಮಾತನ್ನು ಕೇಳೋಣ. ಸತ್ಯದೇವರನ್ನು ನಂಬುವವರು ಪ್ರಶ್ನೆಗೆ ಹೆದರಬೇಕಾಗಿಲ್ಲ.